ಹಲಗೆಯ ಹಿಂದಿನ ಗೋಡೆ

ಮೊನ್ನೆ ಒಂದು ದಿನ ನನ್ನ ಹಳೆ ಕಟ್ಟಿಗೆಯ ಅಂಗಡಿಯಲ್ಲಿ ಅಟ್ಟದ ಹಲಗೆಯೊಂದಕ್ಕೆ ರಂದಾ ಹೊಡೆಸುತ್ತಿದ್ದೆ. ಕಿತ್ತೂರಿನ ಕಡೆ ಹೆದ್ದಾರಿಯ ಪಕ್ಕ ಹೋಟೆಲು ಕಟ್ಟಿಸುತ್ತಿರುವವರೊಬ್ಬರು ಮೊಬೈಲಿನಲ್ಲಿ ಒಂದು ಚಿತ್ರ ತಂದು ತೋರಿಸಿದ್ದರು. ಮನೆಯ ಹೊರಗೋಡೆಗೆ ಉದ್ದುದ್ದ ಹಲಗೆಗಳನ್ನು ಸಾಲಾಗಿ ನಿಲ್ಲಿಸಿ, ಎರಡು ಹಲಗೆಗಳ ನಡುವಿನ ಸಂದಿನ ಮೇಲೆ ಒಂದೊಂದು ಸಣ್ಣ ಪಟ್ಟಿ ಹೊಡೆದ ಚಿತ್ರ. "ಇಂಥಾದ್ದು ನಮ್ಮ ಕಡೆ ಯಾರೂ ಮಾಡಿಲ್ರಿ, ನಾವ ಮೊದಲು" ಎಂದರು. ನಾನು ನಕ್ಕೆ. ಗಿರಾಕಿ ಹೊಸದೆಂದು ಹಿಗ್ಗುತ್ತಿರುವಾಗ ಅದು ಹಳೆಯದು ಎಂದು ಹೇಳಬಾರದು, ವ್ಯಾಪಾರ ಕೆಡುತ್ತದೆ. ರಂದಾ ನಾಲ್ಕು ಸಲ ಓಡಾಡಿದ್ದೇ ತಡ, ಕಪ್ಪು ಮಸಿಯ ಪದರು ಸುರುಳಿಯಾಗಿ ಕಾಲ ಬುಡಕ್ಕೆ ಬಿದ್ದು ಒಳಗಿಂದ ವಾಸನೆ ಎದ್ದಿತು. ಬರೀ ಸಾಗವಾನಿಯ ವಾಸನೆಯಲ್ಲ. ಸಗಣಿ ಕುಳ್ಳಿನ ಹೊಗೆ, ಎಣ್ಣೆಯ ಜಿಡ್ಡು, ಒಗ್ಗರಣೆಯ ಇಂಗು… ತಲೆಮಾರುಗಟ್ಟಲೆ ಅಡಿಗೆಮನೆಯ ಮೇಲೆ ಮಲಗಿದ್ದ ಹಲಗೆಗೆ ಮಾತ್ರ ಇರುವ ವಾಸನೆ ಅದು. ರಂದಾ ನಿಲ್ಲಿಸು ಎಂದೆ. ದೊಡವಾಡದ ಅಕ್ಕೋರು ನೆನಪಾಗಿದ್ದರು.

ಆಗ ನಾನಿನ್ನೂ ಬೈಲಹೊಂಗಲದಲ್ಲಿ ಅಂಗಡಿ ಹಾಕಿರಲಿಲ್ಲ. ದೊಡವಾಡದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಸುತ್ತಲಿನ ಹಳ್ಳಿಗಳಲ್ಲಿ ಕೆಡವುವ ಮನೆಗಳ ಕಂಬ, ತೊಲೆ, ಬಾಗಿಲುಗಳನ್ನು ಕೊಂಡು ಧಾರವಾಡಕ್ಕೆ ಸಾಗಿಸುತ್ತಿದ್ದೆ. ಅಪ್ಪ ಬಿಟ್ಟುಹೋದದ್ದು ಒಂದು ಕಬ್ಬಿಣದ ಹಾರೆ. ಉಳಿದದ್ದನ್ನೆಲ್ಲ ಬಾಯಿಯ ಬಲದಿಂದ ಗಳಿಸಿಕೊಂಡೆ. ನನ್ನ ಕೋಣೆಯ ಎದುರಿಗೇ ಅಕ್ಕೋರ ಮನೆ. ನಮ್ಮ ಕಡೆ ಮಕ್ಕಳಿಗೆ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಎಂದೇ ಕರೆಯುವುದು. ಇವರು ತಮ್ಮ ಮನೆಯ ಮುಂದಿನ ಪಡಸಾಲೆಯಲ್ಲೇ ಬಾಲವಾಡಿ ನಡೆಸುತ್ತಿದ್ದರು. ಪುರೋಹಿತರ ಮನೆತನ, ಆದರೆ ಪೌರೋಹಿತ್ಯ ಅಕ್ಕೋರ ಮಾವನ ಕಾಲಕ್ಕೇ ಮುಗಿದಿತ್ತು. ಗಂಡನ ಅಣ್ಣ, ಅಂದರೆ ಅವರ ಭಾವ, ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದರು. ಅಕ್ಕೋರ ಗಂಡ ಮದುವೆಯಾದ ಸ್ವಲ್ಪ ವರ್ಷಕ್ಕೇ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಸಣ್ಣ ಮೈಯ, ದೊಡ್ಡ ದನಿಯ ಹೆಂಗಸು. ಮಕ್ಕಳನ್ನು ಗದರುವ ದನಿಯಲ್ಲೇ ಊರ ಹಿರಿಯರನ್ನೂ ಗದರುತ್ತಿದ್ದರು.

ಅಣ್ಣ-ತಮ್ಮಂದಿರ ಮನೆ ಪಾಲಾಗಿತ್ತು. ಪಡುವಣದ ಅರ್ಧ ಭಾವನದು, ಮೂಡಣದ ಅರ್ಧ ಅಕ್ಕೋರದು. ಪಾಲಿನ ಗೆರೆ ನಡುವಿನ ಮಣ್ಣಿನ ಗೋಡೆಯ ನಟ್ಟನಡುವೆ ಹಾದಿತ್ತು. ಅಷ್ಟರಲ್ಲಿ ಭಾವ ಊರ ಹೊರಗೆ ಸಿಮೆಂಟಿನ ಮನೆ ಕಟ್ಟಿಸಿ, ತಮ್ಮ ಪಾಲಿನ ಅರ್ಧವನ್ನು ಕೆಡವಲು ತೆಗೆದರು. ಅದರ ಕಟ್ಟಿಗೆಯನ್ನು ಕೊಂಡವನು ನಾನೇ.

ಹಳೆಯ ಮನೆ ಪಾಲು ಮಾಡಿಕೊಳ್ಳುವವರಿಗೆ ಇಂದಿಗೂ ನಾನೊಂದು ಮಾತು ಹೇಳುತ್ತೇನೆ. ಅಳತೆ ಮಾಡುವಾಗ ಗೋಡೆಯನ್ನು ಬರೀ ಗೆರೆ ಎಂದು ತಿಳಿಯಬೇಡಿ. ನಡುವಿನ ಗೋಡೆ ಎಂದರೆ ಮಳೆಯನ್ನೇ ಕಾಣದ ಗೋಡೆ. ಹೊರಗೋಡೆಯ ಹಾಗೆ ಅದರ ಬುಡಕ್ಕೆ ಕಲ್ಲಿನ ಕಟ್ಟಡ ಇರುವುದಿಲ್ಲ, ಮಣ್ಣು ಗಟ್ಟಿಯಾಗಿ ತುಳಿದಿರುವುದಿಲ್ಲ. ಒಂದು ಬದಿಯ ಮನೆ ಕೆಡವಿದರೆ ಒಳಗಿದ್ದ ಗೋಡೆ ಒಂದೇ ದಿನದಲ್ಲಿ ಹೊರಗೋಡೆಯಾಗುತ್ತದೆ. ನಮ್ಮಲ್ಲಿ ಮಳೆ ಬರುವುದೇ ಪಡುವಣದಿಂದ, ಓರೆಯಾಗಿ, ಮುಖಕ್ಕೆ ಹೊಡೆದಂತೆ. ನನ್ನ ಆಳುಗಳು ಭಾವನ ಮನೆಯ ತೊಲೆ ಇಳಿಸಿದ ದಿನ ಅಕ್ಕೋರು ಹೊರಗೆ ಬಂದು ಆ ಗೋಡೆಯನ್ನು ನೋಡಿದರು. ಅವರ ಭಾವನ ಅಡಿಗೆಮನೆಯ ಗೂಡು, ಕ್ಯಾಲೆಂಡರಿನ ಮೊಳೆ, ಮಕ್ಕಳ ಎತ್ತರ ಗುರುತು ಹಾಕಿದ ಇದ್ದಿಲಿನ ಗೆರೆಗಳು ಎಲ್ಲ ಬಿಸಿಲಿಗೆ ಬಿದ್ದಿದ್ದವು. ಆ ಗೋಡೆಯ ಒಳಮೈಗೇ ಅಕ್ಕೋರ ದೇವರಮನೆ, ಪಕ್ಕದಲ್ಲೇ ಒಲೆ.

"ತಮ್ಮಾ, ಇದು ಮಳಿಗಾಲ ದಾಟ್ತದೇನೋ?" ಎಂದು ಕೇಳಿದರು.

ಇದ್ದದ್ದನ್ನು ಹೇಳಿದೆ. ತಾಡಪಾಲು ಗಾಳಿಗೆ ಹರಿಯುತ್ತದೆ. ಸಿಮೆಂಟು ಮಣ್ಣಿಗೆ ಹಿಡಿಯುವುದಿಲ್ಲ; ಬೀಳುವಾಗ ಗೇಣುದ್ದ ಮಣ್ಣನ್ನೂ ಎಳೆದುಕೊಂಡು ಬೀಳುತ್ತದೆ. ಇಟ್ಟಿಗೆ ಕಟ್ಟಬೇಕೆಂದರೆ ಬುನಾದಿ ಭಾವನ ಜಾಗದಲ್ಲಿ ಬೀಳುತ್ತದೆ. ರಾಮದುರ್ಗದಲ್ಲಿ ಅಕ್ಕೋರ ತಮ್ಮನಿದ್ದ. ನಮ್ಮ ಮನೆಗೆ ಬಂದುಬಿಡು ಎಂದು ಕರೆಯುತ್ತಲೇ ಇದ್ದ. ಒಳ್ಳೆಯ ಮನುಷ್ಯ. ಅಲ್ಲಿಗೇ ಹೋಗಬಾರದೇ ಎಂದೆ.

"ಅವ ಒಳ್ಳೆಯವನೇ. ಅವನ ಹೆಂಡ್ತೀನೂ ಒಳ್ಳೆಯಾಕೀನೇ. ಆದ್ರ ಅಲ್ಲಿ ಹೋದ್ರ ನಾ ಅಕ್ಕೋರು ಅಲ್ಲೋ, ಮನೀಗೆ ಬಂದು ಕೂತ ಅಕ್ಕ. ಒಂದು ಕಪ್ಪು ಚಹಾ ಬೇಕನಿಸಿದ್ರೂ ಇನ್ನೊಬ್ಬರ ಮಾರಿ ನೋಡಬೇಕು" ಎಂದರು. "ಇಲ್ಲಿ ನನಗ ಬೇಕಾದಾಗ ಒಲಿ ಹಚ್ತೀನಿ. ಅಷ್ಟ ನನ್ನ ಆಸ್ತಿ."

ನಾನು ಕಟ್ಟುವುದನ್ನು ಕಲಿತದ್ದೇ ಕೆಡವಿ. ಒಮ್ಮೆ ಖಾನಾಪುರದ ಕಾಡಿನ ಅಂಚಿನಲ್ಲಿ ಒಂದು ಹಳೆಯ ಬಂಗಲೆ ಬಿಚ್ಚಿದ್ದೆ. ಅದರ ಗೋಡೆಗೆ ಹೊರಗಿಂದ ಹೀಗೇ ಹಲಗೆ ನಿಲ್ಲಿಸಿ ಸಂದಿಗೆ ಪಟ್ಟಿ ಹೊಡೆದಿದ್ದರು. ಒಂದೊಂದೇ ಬಿಚ್ಚುವಾಗ ಗಮನಕ್ಕೆ ಬಂದದ್ದು: ಹಲಗೆಯ ನಡುವೆ ಮಾತ್ರ ಮೊಳೆ ಹೊಡೆದಲ್ಲಿ ಹಲಗೆ ನೆಟ್ಟಗಿತ್ತು. ಯಾರೋ ಆಮೇಲೆ ದುರಸ್ತಿ ಮಾಡಿ ಎರಡೂ ಅಂಚಿಗೆ ಬಿಗಿದಲ್ಲಿ ಸೀಳಿತ್ತು. ಕಟ್ಟಿಗೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಸೊರಗುತ್ತದೆ. ಅದಕ್ಕೆ ಅತ್ತಿತ್ತ ಸರಿಯಲು ಜಾಗ ಬೇಕು. ಅದಕ್ಕೇ ಸಂದು, ಸಂದಿಗೇ ಪಟ್ಟಿ. ಹಲಗೆಯ ಹಿಂದೆ ಗಾಳಿ ಆಡಬೇಕು. ಅದಕ್ಕಾಗಿ ಬುಡದಲ್ಲಿ ನಾಲ್ಕು ಬೆರಳು, ಮೇಲೆ ಎರಡು ಬೆರಳು ತೆರೆದಿರಬೇಕು.

ಅಕ್ಕೋರ ಗೋಡೆಗೂ ಅದೇ ಸರಿ ಎನ್ನಿಸಿತು. ಹಲಗೆ ಎಲ್ಲಿಂದ ತರುವುದು? ಭಾವನ ಅಟ್ಟದಲ್ಲೇ ಇದ್ದವು. ಅವನ್ನು ನಾನು ಬೇಕೆಂದೇ ಹೇರದೆ ಬಿಟ್ಟೆ. ಮರುದಿನ ಭಾವ ಬಂದರು.

"ಏನೋ, ಕಂಬ ಒಯ್ದಿ, ತೊಲಿ ಒಯ್ದಿ. ಅಟ್ಟದ ಹಲಗಿ ಯಾಕ ಬಿಟ್ಟೀ?"

"ಕಾಕಾರ, ಅವನ್ನ ಯಾರ ಕೇಳತಾರ್ರಿ? ಮುತ್ತಜ್ಜನ ಕಾಲದಿಂದ ಹೊಗಿ ಕುಡದು ಕುಂತಾವ. ಮುಟ್ಟಿದ್ರ ಕೈಗೆ ಕಾಡಿಗಿ."

"ಹಂಗಾದ್ರ ಒಲಿಗೆ ಹಾಕು ಅಂತೀ?"

"ಹಾಕ್ರಿ. ಒಡಿಯಾವ್ರನ್ನ ನೀವ ಹುಡುಕ್ರಿ. ಇಲ್ಲಾ, ಅಕ್ಕೋರಿಗೆ ಬಿಟ್ಟಬಿಡ್ರಿ. ತಮ್ಮನ ಹೆಂಡ್ತಿಗೆ ಕೊಟ್ರು ಅಂತ ಊರಾಗ ಒಂದ ಹೆಸರರೆ ಬರತೈತಿ."

ಹೆಸರು ಎಂದ ಕೂಡಲೇ ಅವರ ಮುಖ ಸಡಿಲಾಯಿತು. ಚೌಕಾಸಿಯಲ್ಲಿ ಎದುರಿನವರಿಗೆ ಏನು ಬೇಕೆಂದು ಮೊದಲು ತಿಳಿಯಬೇಕು. ಎಷ್ಟೋ ಸಲ ಅವರಿಗೆ ಬೇಕಾದದ್ದು ಬಹಳ ಅಗ್ಗದ್ದಾಗಿರುತ್ತದೆ. ಹಲಗೆ ಕೊಟ್ಟೇಬಿಟ್ಟರು. ಆದರೆ ಅವು ಆ ಗೋಡೆಗೇ ಏರುತ್ತವೆ ಎಂದು ಗೊತ್ತಾದಾಗ ಮತ್ತೆ ಓಡಿ ಬಂದರು.

"ಗ್ವಾಡಿ ದಾಟಿ ಒಂದು ಬೆರಳು ನನ್ನ ಜಾಗಾದಾಗ ಬರೂಹಂಗಿಲ್ಲ!"

"ಕಾಕಾರ, ಪಾಲಿನ ಗೆರಿ ಗ್ವಾಡಿ ನಟ್ಟನಡುವ ಹಾದೈತಿ ಅಂತ ನೀವ ಹೇಳಿದ್ರಿ. ಅಂದ್ರ ಈ ಹೊರಗಿನ ಮೈ ನಿಮ್ದು. ನಿಮ್ಮ ಗ್ವಾಡಿಗೆ ಅವರು ಅಂಗಿ ಹೊಲಿಸಿ ಹಾಕಾಕ ಹತ್ತ್ಯಾರ. ಬ್ಯಾಡಂದ್ರ ಬಿಡತೇವಿ, ನಿಮ್ಮ ಅರ್ಧಾ ಗ್ವಾಡಿ ಮಳಿಗೆ ಕರಗಲಿ."

ಭಾವ ಬಾಯೊಳಗಿನ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ, ಕಂಬ ನೆಡಲು ಗೇಣು ಜಾಗ ಆಗಲಿ ಎಂದರು. "ಇವನ ಬಾಯಿಗೊಂದು ಕೀಲಿ ಹಾಕಬೇಕು" ಎನ್ನುತ್ತ ಹೋದರು. ಬಾಗಿಲಲ್ಲಿ ನಿಂತಿದ್ದ ಅಕ್ಕೋರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. "ನೀ ಹೆಣದ ಮ್ಯಾಲಿನ ಹೂವಿಗೂ ಚೌಕಾಸಿ ಮಾಡಾವ ಬಿಡಪಾ" ಎಂದರು. ಅವರು ಅಷ್ಟು ಮನಸ್ಸು ಬಿಚ್ಚಿ ನಕ್ಕಿದ್ದನ್ನು ಆಮೇಲೆ ನಾನು ನೋಡಿದ್ದು ಕಡಿಮೆ…

ಸಿರಸಂಗಿಯಿಂದ ಒಬ್ಬ ಬಡಿಗೇರನನ್ನು ಕರೆತಂದೆ. ಅವನಿಗೂ ನನಗೂ ಮೊದಲ ದಿನವೇ ಜಗಳ. ಬಾಗಿಲು ಮಾಡುವ ಕೈ ಅದು. ಹಲಗೆ ಹಲಗೆಯ ನಡುವೆ ಕೂದಲು ತೂರಬಾರದು ಎಂಬುದು ಅವನ ಮರ್ಯಾದೆ. "ಸಂದು ಬಿಟ್ರ ನಾಳೆ ಮಂದಿ ನನಗ ಉಗಳತಾರ್ರಿ" ಎಂದ. "ಸಂದಿನ ಮ್ಯಾಲ ಪಟ್ಟಿ ಬರತೈತೋ ಮಾರಾಯಾ, ನಿನ್ನ ಮಾನಾ ಮುಚ್ಚತೈತಿ" ಎಂದು ಒಪ್ಪಿಸಿದೆ. ಮಣ್ಣಿನ ಗೋಡೆಗೆ ಮೊಳೆ ಹಿಡಿಯುವುದಿಲ್ಲ. ಹಾಗಾಗಿ ಗೋಡೆಗೆ ತಾಗದಂತೆ ಕಲ್ಲಿನ ಕುಣಿಗಳಲ್ಲಿ ಗಟ್ಟಿ ಕಂಬಗಳನ್ನು ನೆಟ್ಟು, ಅವಕ್ಕೆ ಅಡ್ಡಪಟ್ಟಿ ಕೂಡಿಸಿ, ಹಲಗೆಗಳನ್ನು ಅದಕ್ಕೇ ನಿಲ್ಲಿಸಿದೆವು. ಮೇಲೆ ಮಣ್ಣು ಹೊದಿಸಿದ ಚಪ್ಪಟೆ ಮಾಳಿಗೆಯ ಅಂಚಿನಿಂದ ಒಂದು ತಗಡು ಇಳಿಬಿಟ್ಟೆವು. ಗ್ಯಾರೇಜಿನಿಂದ ಸುಟ್ಟ ಎಣ್ಣೆ ತಂದು ಹಲಗೆಗಳಿಗೆ ಮೇಲಿಂದ ಕೆಳಗೆ ಬಳಿದೆವು. ಕೆಲಸ ಮುಗಿದಾಗ ಕಪ್ಪಗೆ ಮಿರುಗುವ ಗೋಡೆ ನೋಡಲು ಓಣಿಯೆಲ್ಲ ಬಂತು. ಅಕ್ಕೋರ ಮನೆ ಕೋಟು ಹಾಕಿಕೊಂಡಿದೆ ಎಂದು ನಗೆಯಾಡಿದರು. ಬಾಲವಾಡಿಯ ಮಕ್ಕಳು ಕೈಯಲ್ಲೊಂದು ಕಡ್ಡಿ ಹಿಡಿದು ಪಟ್ಟಿಗಳ ಮೇಲೆ ಟರ್ರೆಂದು ಎಳೆಯುತ್ತ ಆ ತುದಿಯಿಂದ ಈ ತುದಿಗೆ ಓಡುತ್ತಿದ್ದರು. ಆ ಮಳೆಗಾಲ ದೇವರಮನೆಯ ಗೋಡೆ ಒಳಗಿಂದ ಮುಟ್ಟಿದರೆ ಬೆಚ್ಚಗೆ, ಒಣಗಿ ಇತ್ತು. ಅಕ್ಕೋರು ಬಂದವರಿಗೆಲ್ಲ ಕೈ ಹಿಡಿದು ಮುಟ್ಟಿಸಿ ತೋರಿಸಿದರು.

ಮುಂದೆ ನನ್ನ ವ್ಯಾಪಾರ ಬೆಳೆದು ಬೈಲಹೊಂಗಲಕ್ಕೆ ಬಂದೆ. ದೊಡವಾಡಕ್ಕೆ ಹೋಗುವುದು ಅಪರೂಪವಾಯಿತು. ಒಮ್ಮೆ ಆ ದಾರಿಯಲ್ಲಿ ಬರುವಾಗ ಮನೆ ಹೊಕ್ಕೆ. ಹಲಗೆಗಳು ಕಲ್ಲಿನಂತೆ ನಿಂತಿದ್ದವು. ಆದರೆ ಬುಡ… ಬುಡದ ನಾಲ್ಕು ಬೆರಳಿನ ಸಂದು ಕಾಣಿಸಲಿಲ್ಲ. ಸಗಣಿ, ಕೆಮ್ಮಣ್ಣು ಕಲಸಿ ನೆಲದಿಂದ ಹಲಗೆಯ ಕೆಳ ಅಂಚಿನವರೆಗೆ ದುಂಡಗೆ ಏರಿಸಿ ಸಾರಿಸಿದ್ದರು. ಅದರ ಮೇಲೆ ಸುಣ್ಣದ ಒಂದು ಗೆರೆ, ಗೆರೆಯ ಗುಂಟ ರಂಗೋಲಿಯ ಎಳೆ. ಮಂಗಳವಾರ, ಶುಕ್ರವಾರ ಸಾರಿಸಿ ಸಾರಿಸಿ ಪದರಿನ ಮೇಲೆ ಪದರು ಕೂತು ರೊಟ್ಟಿಗಿಂತ ದಪ್ಪವಾಗಿತ್ತು.

"ಅಕ್ಕೋರ್ರಿ, ಬುಡಾ ಯಾಕ ಮುಚ್ಚೀರಿ? ಒಳಗ ಗಾಳಿ ಸತ್ತ ಹೋಗತೈತಿ. ಸಗಣಿ ಅಂದ್ರ ಗೆದ್ದಲಿಗೆ ಹೋಳಿಗಿ ಊಟಾ ಇಟ್ಟಂಗ."

ಅವರು ಮೊದಲು ಅದನ್ನು ನಗೆಯಲ್ಲೇ ತೇಲಿಸಲು ನೋಡಿದರು. "ಸಾರಿಸಲಾರದ ಬುಡಾ ಇದ್ರ ಅದು ಮನಿ ಅಲ್ಲಪಾ, ಗೋದಾಮು" ಎಂದರು. ನಾನು ಬಿಡಲಿಲ್ಲ. ಆಗ ದನಿ ತಗ್ಗಿಸಿ ಹೇಳಿದರು. ಭಾವನ ಖಾಲಿ ಜಾಗದಲ್ಲಿ ಗೊಬ್ಬರದ ಚೀಲ ಇಳಿಸಲು ಬಂದಾಗ ಅವರ ವಾರಗಿತ್ತಿ, ಅಂದರೆ ಭಾವನ ಹೆಂಡತಿ, ಓಣಿಯ ಹೆಂಗಸರ ಮುಂದೆ ನಿಂತು ಅಂದಳಂತೆ: ದೇವರ ಬೆನ್ನಿನ ಗೋಡೆ ಬುಡದಲ್ಲಿ ಬಾಯಿ ತೆರೆದುಕೊಂಡು ಕೂತಿದೆ, ನಾಗಪ್ಪ ಹೊಕ್ಕರೂ ಕೇಳುವವರಿಲ್ಲ, ಗಂಡನಿಲ್ಲದ ಮನೆಗೆ ಯಾತರ ಸಾರಣೆ ಎಂದು. "ನಿನ್ನ ಹಲಗಿಗೆ ಉಸಿರು ಬೇಕು, ಖರೇ. ನಾನೂ ಈ ಮಂದಿ ನಡುವನ ಉಸಿರಾಡಬೇಕಲ್ಲೋ ತಮ್ಮಾ" ಎಂದರು.

ನಾನು ಹಾರೆ ತಂದು ಆ ಪದರನ್ನು ಕಿತ್ತು ಹಾಕಿದೆ. ಅವರು ತಡೆಯಲಿಲ್ಲ. ಸರಿ ಎಂದರು, ಇನ್ನು ಮುಚ್ಚುವುದಿಲ್ಲ ಎಂದರು. ಮುಂದಿನ ಸಲ ಹೋದಾಗ ಬುಡ ಮತ್ತೆ ದುಂಡಗೆ, ಸುಣ್ಣದ ಗೆರೆ ಹೊತ್ತು ಕೂತಿತ್ತು. "ಕೈ ತಾನ ಹೋಗ್ತದೋ. ಅಂಗಳಾ ಸಾರಿಸ್ತಾ ಸಾರಿಸ್ತಾ ಅಲ್ಲಿಗೆ ಹೋಗಿ ನಿಲ್ತದ" ಎಂದು ತಮ್ಮ ಕೈಯನ್ನೇ ನೋಡಿಕೊಂಡರು. ನನ್ನ ಬಾಯಿ ಭಾವನ ಮುಂದೆ ನಡೆಯಿತು, ಬಡಿಗೇರನ ಮುಂದೆ ನಡೆಯಿತು. ಹುಟ್ಟಿದಾಗಿನಿಂದ ಸಾರಿಸಿದ ಕೈಯ ಮುಂದೆ ನಡೆಯಲಿಲ್ಲ. ವಾರಗಿತ್ತಿಯ ಬಾಯಿಗೆ ನಾನು ಯಾವ ಪಟ್ಟಿ ಹೊಡೆಯಲಿ?

ಹಲಗೆಯ ಹಿಂದೆ ಏನು ನಡೆಯಿತೆಂದು ಯಾರಿಗೂ ಕಾಣಲಿಲ್ಲ. ಮಾಳಿಗೆಯಿಂದ ಇಳಿದ ಸ್ವಲ್ಪ ನೀರು, ನೆಲದಿಂದ ಏರಿದ ಸ್ವಲ್ಪ ತೇವ, ಹೋಗಲು ದಾರಿಯಿಲ್ಲದೆ ಅಲ್ಲೇ ಕೂತಿತು. ತೆರೆದ ಗೋಡೆಯಾಗಿದ್ದರೆ ಬಿರುಕು ಕಾಣುತ್ತಿತ್ತು, ಒಂದು ಹಿಡಿ ಮಣ್ಣು ಮೆತ್ತಬಹುದಿತ್ತು. ಗೆದ್ದಲು ಮೊದಲು ಗೋಡೆಯೊಳಗಿನ ಹುಲ್ಲು, ಗಳಗಳನ್ನು ತಿಂದಿರಬೇಕು. ಆಮೇಲೆ ತೊಲೆಯ ತುದಿ. ಒಳಗೆ ದೇವರಮನೆಯ ಬದಿಯಿಂದ ಅಕ್ಕೋರು ಸುಣ್ಣ ಬಳಿಯುತ್ತಿದ್ದರು. ಸುಣ್ಣ ಹಳದಿಗಟ್ಟುತ್ತಿದೆ ಎಂದು ಇನ್ನೊಂದು ಕೈ ಬಳಿಯುತ್ತಿದ್ದರು.

ಹೊಳೆ ಮೇರೆ ಮೀರಿ ಬಂದ ವರ್ಷ ಅದು. ಮನೋಳಿಯ ಕಡೆ ಊರೊಳಗೆ ನೀರು ಹೊಕ್ಕಿತ್ತು. ದೊಡವಾಡಕ್ಕೆ ಹೊಳೆ ಬರಲಿಲ್ಲ, ಮಳೆ ಮಾತ್ರ ಬಿಡದೆ ಹಿಡಿಯಿತು. ಮಧ್ಯಾಹ್ನದ ಹೊತ್ತು, ಮಳೆಗೆ ಬಾಲವಾಡಿಗೆ ರಜೆ. ಅಕ್ಕೋರು ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರಂತೆ. ಓಣಿಯವರಿಗೆ ದೊಡ್ಡ ಮೂಟೆ ಬಿದ್ದಂಥ ಸದ್ದು ಕೇಳಿಸಿತು. ಎಲ್ಲರೂ ಕೊಡೆ ಹಿಡಿದು ಹೊರಗೆ ಬಂದರು. ಗೊಬ್ಬರದ ಚೀಲ ನೋಡಿಕೊಳ್ಳಲು ಬಂದಿದ್ದ ಭಾವನೂ ತಮ್ಮ ಜಾಗದಿಂದ ನೋಡಿದರು. ಹಲಗೆಗಳು ನೆಟ್ಟಗೆ, ಒಂದೂ ಅಲುಗದೆ, ಮಳೆಯಲ್ಲಿ ತೊಯ್ದು ಮಿರುಗುತ್ತ ನಿಂತಿದ್ದವು. "ಏನೂ ಆಗಿಲ್ಲ, ಗುಡುಗಿರಬೇಕು" ಎಂದು ಅವರೇ ಹೇಳಿ ಎಲ್ಲರನ್ನೂ ಒಳಗೆ ಕಳಿಸಿದರು. ಬಹಳ ಹೊತ್ತಿನ ಮೇಲೆ ಪಕ್ಕದ ಮನೆಯ ಹೆಂಗಸು ಒಲೆಗೆ ಕೆಂಡ ಕೇಳಲು ಹೋದಾಗ, ಅಕ್ಕೋರು ನಡುಮನೆಯ ಹೊಸ್ತಿಲ ಮೇಲೆ ನಿಂತಿದ್ದರು. ಮುಂದೆ ದೇವರಮನೆಯಿರಲಿಲ್ಲ. ಗೋಡೆ ಒಳಕ್ಕೆ ಕುಸಿದಿತ್ತು. ತೊಲೆ ಜಾರಿ, ಮಾಳಿಗೆಯ ಮಣ್ಣು ದೇವರ ಮೇಲೆ, ಒಲೆಯ ಮೇಲೆ ಗುಡ್ಡೆಯಾಗಿ ಬಿದ್ದಿತ್ತು. ಆ ಗುಡ್ಡೆಯ ಆಚೆ ಹಲಗೆಗಳ ಸಾಲು ಮಾತ್ರ ನಿಂತಿತ್ತು. ಯಾರನ್ನೂ ಕರೆಯಲಿಲ್ಲವಂತೆ ಅಕ್ಕೋರು. ಇಷ್ಟು ದೊಡ್ಡ ದನಿಯ ಹೆಂಗಸು…

ಸುದ್ದಿ ತಿಳಿದು ನಾನು ಹೋದೆ. ದಾರಿಯುದ್ದಕ್ಕೂ ಹೇಗೆ ಮತ್ತೆ ಎಬ್ಬಿಸುವುದೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿದ್ದೆ. ಪಡಸಾಲೆಯನ್ನಾದರೂ ಉಳಿಸೋಣ, ಒಂದು ಕಡೆ ಒಲೆ ಹಾಕೋಣ ಎಂದೆ. ಸಮಾಧಾನದಿಂದ ಕೇಳಿಸಿಕೊಂಡರು.

"ಕಟಗಿ ಬಿಚ್ಚಿಕೊಂಡು ಹೋಗು ತಮ್ಮಾ. ಚೊಲೋ ಇದ್ದದ್ದು ಯಾರಿಗಾದ್ರೂ ಆಗ್ಲಿ."

"ಅಕ್ಕೋರ್ರಿ, ಇನ್ನೊಮ್ಮೆ ವಿಚಾರ ಮಾಡ್ರಿ."

"ಒಲಿ ಎಲ್ಲದ ತೋರಸು, ವಿಚಾರ ಮಾಡ್ತೀನಿ."

ಭಾವನ ಅರ್ಧವನ್ನು ಬಿಚ್ಚಿದ ಕೈಗಳೇ ಅವರ ಅರ್ಧವನ್ನೂ ಬಿಚ್ಚಿದವು. ನನ್ನ ಕಸುಬೇ ಅದಲ್ಲವೇ? ನಾನು ಮಾಡದಿದ್ದರೆ ಇನ್ನೊಬ್ಬ ಮಾಡುತ್ತಿದ್ದ, ಅವರನ್ನು ಮೋಸ ಮಾಡುತ್ತಿದ್ದ. ಅಕ್ಕೋರು ರಾಮದುರ್ಗದ ಬಸ್ಸು ಹತ್ತುವಾಗ ಬಾಲವಾಡಿಯ ಕರಿಹಲಗೆಯನ್ನು ಒಯ್ಯಲೋ ಬೇಡವೋ ಎಂದು ನಿಂತು ಯೋಚಿಸಿ, ಅದನ್ನು ಪಕ್ಕದ ಮನೆಯವರಿಗೆ ಕೊಟ್ಟರು.

ಒಮ್ಮೆ ರಾಮದುರ್ಗಕ್ಕೆ ಹೋದಾಗ ಅವರ ತಮ್ಮನ ಮನೆ ಹುಡುಕಿಕೊಂಡು ಹೋದೆ. ಚೆಂದದ ಮನೆ, ಪಕ್ಕಾ ಗೋಡೆ, ಹೊಳೆಯುವ ನೆಲ. ತಮ್ಮನ ಹೆಂಡತಿ ನಗುನಗುತ್ತ ಬರಮಾಡಿಕೊಂಡಳು. ಅಕ್ಕೋರು ಕುರ್ಚಿಯ ಅಂಚಿನಲ್ಲಿ ಕೂತಿದ್ದರು. ನನ್ನನ್ನು ನೋಡಿ ಕಣ್ಣು ಅರಳಿದವು. ಏಳಲು ಹೋದವರು ಅಡಿಗೆಮನೆಯ ಕಡೆ ನೋಡಿ ಮತ್ತೆ ಕೂತರು. "ತಂಗೀ, ನಮ್ಮೂರಿನವರು ಬಂದಾರ… ಒಂಚೂರು ಚಹಾ ಆಗ್ತದೇನು?" ಎಂದು ಕೇಳಿದರು. ಆ ದನಿಯ ಗುರುತು ನನಗೆ ಸಿಗಲಿಲ್ಲ. ಆ ಹೆಣ್ಣುಮಗಳು ಕೂಡಲೇ ಚಹಾ ತಂದಳು. ಒಂದೇ ಕಪ್ಪು. ನಿಮಗೆ ಎಂದು ನಾನು ಕೇಳಿದೆ. "ನಂದು ಮುಂಜಾನೇನ ಆತು" ಎಂದರು ಅಕ್ಕೋರು. ಯಾರೂ ಕೆಟ್ಟವರಲ್ಲ ಆ ಮನೆಯಲ್ಲಿ. ಅದಕ್ಕೇ ಹೇಳಲು ಬರುವುದಿಲ್ಲ ನೋಡಿ… ಎದ್ದು ಬರುವಾಗ ಬಾಗಿಲವರೆಗೆ ಬಂದರು. ದಾಟಿ ಹೊರಗೆ ಬರಲಿಲ್ಲ. ಮುಂದಿನ ಚಳಿಗಾಲಕ್ಕೆ ಅವರಿಲ್ಲ ಎಂಬ ಸುದ್ದಿ ಬಂತು. ಅದೂ ಕಾರ್ಯವೆಲ್ಲ ಮುಗಿದ ಮೇಲೆ, ಬೇರೆ ಮಾತಿನ ನಡುವೆ.

ಹೋಟೆಲಿನವರಿಗೆ ಹಲಗೆ ಕಳಿಸಿದ್ದೇನೆ. ಬುಡ ತೆರೆದಿಡಿ ಎಂದು ಹೇಳಿದ್ದೇನೆ. ಹೂಂ ಎಂದಿದ್ದಾರೆ. ನಿನ್ನೆ ಉಳಿದ ಹಲಗೆ ಒಯ್ದು ನೋಡಿದರೆ, ಕೆಳಗಿನ ಟೈಲ್ಸು ಚೆಂದ ಕಾಣಲಿ ಎಂದು ಮೊದಲೇ ನಿಲ್ಲಿಸಿದ ಹಲಗೆಗಳ ಬುಡದ ಸಂದಿಗೆ ಸಿಮೆಂಟು ತುಂಬಿಸುತ್ತಿದ್ದರು. ನಾನು ಇನ್ನೊಮ್ಮೆ ಹೇಳಲಿಲ್ಲ. ಹಲಗೆ ಇಳಿಸಿದ ಬಂಡಿಯಲ್ಲೇ ಮರಳಿ ಬರುವಾಗ, ದಾರಿ ಸುತ್ತಾದರೂ ಸರಿ ಎಂದು ದೊಡವಾಡಕ್ಕೆ ಹೋದೆ. ಅಕ್ಕೋರ ಓಣಿಯಲ್ಲಿ ಎರಡೂ ಪಾಲು ಸೇರಿ ಒಂದೇ ಬಯಲು. ನಡುವೆ ಭಾವನವರ ಟ್ರ್ಯಾಕ್ಟರು ನಿಂತಿತ್ತು, ಒಂದು ಮೂಲೆಗೆ ಗೊಬ್ಬರದ ಖಾಲಿ ಚೀಲಗಳು. ಕಣ್ಣಳತೆಯಲ್ಲೇ ಬದುಕು ಕಟ್ಟಿಕೊಂಡವನು ನಾನು. ದೂರದಿಂದ ನೋಡಿ ತೊಲೆಯ ಉದ್ದ ಹೇಳುತ್ತೇನೆ, ಒಂದು ಬೆರಳೂ ತಪ್ಪುವುದಿಲ್ಲ. ಗೋಡೆ ಎಲ್ಲಿತ್ತೆಂದು ನೋಡಲು ಬಯಲಿನಲ್ಲಿ ಈ ಬದಿಯಿಂದ ಆ ಬದಿಗೆ ನಡೆದೆ. ಮತ್ತೆ ಆ ಬದಿಯಿಂದ ಈ ಬದಿಗೆ ಬಂದೆ. ಅಕ್ಕೋರ ಅರ್ಧ ಎಲ್ಲಿಂದ ಶುರುವಾಗುತ್ತಿತ್ತೆಂದು ಹೇಳಲು ನನ್ನಿಂದ ಆಗಲಿಲ್ಲ.